ಕಟ್ಟೆಯೊಳಗೆ ಹೂತುಹೋದ ಅರಳಿ ಬುಡ

ಬೀದಿ ಮರಗಳ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: ಮೇಡಂ, ಯಾವ ಗಿಡ ಹಾಕಿದರೆ ಒಳ್ಳೆಯದು? ಹೊಂಗೆ ಹಾಕಿ, ಬೇವು ಹಾಕಿ, ಜಾಗ ದೊಡ್ಡದಿದ್ದರೆ ಹುಣಸೆ ಹಾಕಿ, ಕರೆಂಟು ತಂತಿಯ ಕೆಳಗೆ ಮಾತ್ರ ದಮ್ಮಯ್ಯ ಅಂತೀನಿ ಎತ್ತರ ಹೋಗುವುದನ್ನು ಹಾಕಬೇಡಿ. ಮುಗಿಯಿತು. ಇಷ್ಟನ್ನು ಯಾವ ನರ್ಸರಿಯವನಾದರೂ ಹೇಳುತ್ತಾನೆ. ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಹಾಕಿದ ಗಿಡ ಮರವಾಗಿ, ಅದರ ನೆರಳಿಗೆ ಜನ ಬಂದು ಕೂತ ಮೇಲೆ ನೀವು ನಿದ್ದೆ ಮಾಡುವುದು ಹೇಗೆ? ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಸರಿಯಾಗಿ ನಿದ್ದೆ ಮಾಡಲೇ ಇಲ್ಲ.

ನಾನು ಸಾಮಾಜಿಕ ಅರಣ್ಯ ವಿಭಾಗದಲ್ಲಿ ಫಾರೆಸ್ಟರ್ ಆಗಿದ್ದವಳು. ಹುಟ್ಟಿದ್ದು ತೋವಿನಕೆರೆ ಪಕ್ಕದ ಹಳ್ಳಿ, ಮನೆ ಮಾಡಿಕೊಂಡಿದ್ದು ಮಧುಗಿರಿ. ಶಿರಾ, ಕೊರಟಗೆರೆ, ಪಾವಗಡ, ಮಧುಗಿರಿ, ಈ ನಾಲ್ಕು ತಾಲ್ಲೂಕು ಬಿಟ್ಟು ಆಚೆ ಕೆಲಸ ಮಾಡಲಿಲ್ಲ. ಬಡ್ತಿ, ವರ್ಗಾವಣೆಗಳ ಕಥೆ ಬಿಡಿ, ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲ. ಬೆಟ್ಟದ ಕಾವಲಿಗೆ ಹೋಗುತ್ತಿದ್ದ ನನ್ನ ಸಹೋದ್ಯೋಗಿಗಳಿಗೆ ಕರಡಿ, ಚಿರತೆಯ ಭಯ. ನನಗೆ ಊರೊಳಗಿನ ಮರದ ಭಯ. ಅವರು ನನ್ನನ್ನು ನೋಡಿ ನಗುತ್ತಿದ್ದರು. ನಗಲಿ. ಕರಡಿಯಾದರೆ ಕಂಡ ತಕ್ಷಣ ಜನ ಓಡುತ್ತಾರೆ. ಮರ ಕಂಡರೆ ಟವಲ್ ಹಾಸಿಕೊಂಡು ಮಲಗುತ್ತಾರೆ.

ಈ ಭಯ ನನಗೆ ಹತ್ತಿಕೊಂಡಿದ್ದು ಶಿರಾದಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಒಂದು ಶಾಲೆಯ ಅಂಗಳದಲ್ಲಿ ದೊಡ್ಡ ಗುಲ್‌ಮೊಹರ್ ಮರವಿತ್ತು. ಬೇಸಿಗೆಯಲ್ಲಿ ಮೇಷ್ಟರು ಅದರ ಕೆಳಗೇ ಪಾಠ ಮಾಡುತ್ತಿದ್ದರು. ಅವತ್ತು ಮಧ್ಯಾಹ್ನ ನಾನು ಅಲ್ಲೇ ಬೇಲಿ ಪಕ್ಕದಲ್ಲಿ ಹೊಸ ಗಿಡಗಳಿಗೆ ಗುಂಡಿಯ ಗುರುತು ಹಾಕುತ್ತಿದ್ದೆ. ಗಾಳಿ ಎಂಬುದೇ ಇರಲಿಲ್ಲ, ಒಂದು ಎಲೆ ಅಲುಗುತ್ತಿರಲಿಲ್ಲ. ಊಟದ ಗಂಟೆ ಹೊಡೆದು ಮಕ್ಕಳು ಎದ್ದು ಓಡಿದರು. ಕೊನೆಯ ಹುಡುಗಿ ನಲ್ಲಿ ಮುಟ್ಟುವಷ್ಟರಲ್ಲಿ ಲಟಾರ್ ಎಂದು ಸದ್ದಾಯಿತು. ನನ್ನ ಸೊಂಟದಷ್ಟು ದಪ್ಪದ ಕೊಂಬೆ ಮಕ್ಕಳು ಕೂತಿದ್ದ ಜಾಗಕ್ಕೇ ಬಂದು ಬಿತ್ತು. ಪುಸ್ತಕದ ಚೀಲಗಳೆಲ್ಲ ಅದರಡಿ ಸಿಕ್ಕಿಕೊಂಡವು. ಮೇಷ್ಟರು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

ವಿಷಯ ತಿಳಿದು ನಮ್ಮ ರೇಂಜ್ ಆಫೀಸರ್ ಚನ್ನಬಸಯ್ಯನವರು ಬಂದರು. ಮರ ನೋಡುವ ಮೊದಲು ನನ್ನನ್ನು ನೋಡಿದರು.

"ಏನಮ್ಮಾ, ಕೈ ನಡುಗ್ತಾ ಅದೆ?"

"ಹೂಂ ಸಾರ್."

"ನಡುಗ್ಲಿ ಬುಡು. ಮರದ ಕೆಳ್ಗೆ ನಿಂತು ನಡುಗ್ದೆ ಇರೋನ್ನ ನಾನು ಈ ಕೆಲಸಕ್ಕೆ ಇಟ್ಕಳಲ್ಲ."

ಆಮೇಲೆ ನನ್ನನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂರಿಸಿದರು. "ಎಲೆ ನೋಡಿ ಮೋಸ ಹೋಗ್ಬ್ಯಾಡ. ಸಾಯೋ ಮರಾನೂ ಕೊನೇ ತಂಕ ಹಸುರಾಗೇ ಇರ್ತದೆ. ಬುಡ ನೋಡು, ಕೊಂಬೆ ಕೂಡಿರೋ ಸಂದಿ ನೋಡು" ಎಂದರು. ಕಡು ಕೋಪದ ಮನುಷ್ಯ, ತಪ್ಪು ಕಂಡರೆ ನಡು ಬೀದಿಯಲ್ಲೇ ಬೈದುಬಿಡುತ್ತಿದ್ದರು. ಆದರೆ ನನಗೆ ಈ ಕೆಲಸ ಕಲಿಸಿದವರು ಅವರೇ.

ಮರುದಿನ ಉಳಿದ ಕೊಂಬೆಗಳನ್ನು ಇಳಿಸಲು ಬಂದವರು ಶಿರಾದ ಬಾಷಾ ಸಾಬರು. ಮರ ಹತ್ತುವುದು ಅವರ ಅಪ್ಪನ ಕಾಲದಿಂದ ಬಂದ ಕಸುಬು. ಹಗ್ಗ, ಮಚ್ಚು, ಬಾಯಲ್ಲಿ ಎಲೆ ಅಡಿಕೆ. ಕೆಲಸಕ್ಕಿಂತ ಮಾತು ಒಂದು ಕೈ ಮುಂದೆ. ನಾನು ಕೆಳಗಿಂದ "ಹುಷಾರು ಸಾಬರೇ, ಹುಷಾರು" ಎಂದು ಕಿರುಚುತ್ತಿದ್ದರೆ ಮೇಲಿಂದ, "ಅರೆ ಮೇಡಂ, ಫಿಕರ್ ಮಾಡ್ಬ್ಯಾಡಿ! ನಾನು ಬಿದ್ರೆ ಮೊದ್ಲು ನಿಮ್ಗೇ ಯೋಳಿ ಬೀಳ್ತೀನಿ" ಎಂದು ನಗುತ್ತಿದ್ದರು. ಅಲ್ಲಿಂದ ಮುಂದೆ ಯಾವ ತಾಲ್ಲೂಕಿಗೆ ಹೋದರೂ ನಾನು ಅವರನ್ನೇ ಕರೆಸಿಕೊಳ್ಳುತ್ತಿದ್ದೆ.

ಪಾವಗಡದ ಕಡೆ ಕಂಡ ಭಯ ಇನ್ನೊಂದು ನಮೂನೆಯದು. ವೈ.ಎನ್.ಹೊಸಕೋಟೆಯ ರಸ್ತೆ ಬದಿಯಲ್ಲಿ ಯಾರೋ ಗುತ್ತಿಗೆದಾರರು ಹಿಂದೆ ಬೇವು ನೆಡಿಸಿದ್ದರು. ಆ ಬಿಸಿಲಲ್ಲಿ ಬೇವು ಬದುಕಿದ್ದೇ ದೊಡ್ಡದು ಎಂದು ನಾವು ಖುಷಿಯಾಗಿದ್ದೆವು. ಒಂದು ಸಂಜೆ ಅದರಲ್ಲೊಂದು ಮರ ಸಣ್ಣ ಗಾಳಿಗೆ ಬುಡಸಮೇತ ಮಗುಚಿ ಟೀ ಅಂಗಡಿಯ ಟಾರ್ಪಾಲಿನ ಮೇಲೆ ಒರಗಿತು. ಹೋಗಿ ನೋಡಿದರೆ ಬೇರುಗಳೆಲ್ಲ ಸಿಂಬೆಯ ಹಾಗೆ ಸುತ್ತಿಕೊಂಡಿವೆ, ನಡುವೆ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರು ಇನ್ನೂ ಹಾಗೇ ಇದೆ. ಬೇರು ಹೊರಗೆ ಹೋಗಲು ದಾರಿಯಿಲ್ಲದೆ ತನ್ನನ್ನು ತಾನೇ ಸುತ್ತಿಕೊಂಡು ಬೆಳೆದಿತ್ತು. ಟೀ ಅಂಗಡಿಯಾಕೆ ಅದನ್ನು ಕೋಲಿನಿಂದ ತಿವಿದು, "ಏಮಮ್ಮಾ, ಚೆಟ್ಟು ಕವರ್‌ತೋನೇ ಪೆಟ್ಟಿನಾರಾ?" ಎಂದಳು. ಕವರು ಸಮೇತ ನೆಟ್ಟುಬಿಟ್ಟಿದ್ದಾರಾ ಎಂದು ಅವಳ ಪ್ರಶ್ನೆ. ನಾನು ಆ ಮರ ನೋಡುತ್ತಿರಲಿಲ್ಲ. ರಸ್ತೆಯುದ್ದಕ್ಕೂ ಇನ್ನೂ ನಿಂತಿದ್ದ ಮರಗಳನ್ನು ನೋಡುತ್ತಿದ್ದೆ. ಅದರಲ್ಲಿ ಯಾವುದರ ಬುಡದಲ್ಲಿ ಕವರಿದೆ, ಯಾವುದರಲ್ಲಿಲ್ಲ? ಹೇಳುವವರು ಯಾರು? ಒಂದೊಂದನ್ನೇ ಕೆದಕಿ ನೋಡಿದೆವು, ಆದರೂ ನನಗೆ ಸಮಾಧಾನವಾಗಲಿಲ್ಲ. ಈಗ ಟ್ರ್ಯಾಕ್ಟರಿಗೆ ದೊಡ್ಡ ಬೈರಿಗೆ ಕಟ್ಟಿ ಗುಂಡಿ ಕೊರೆಯುತ್ತಾರೆ. ಕೆಲಸ ಬೇಗ ಆಗುತ್ತದೆ, ಸರಿ. ಆದರೆ ಜೇಡಿ ಮಣ್ಣಿನಲ್ಲಿ ಗುಂಡಿಯ ಗೋಡೆ ಮಡಕೆಯ ಹಾಗೆ ನುಣ್ಣಗಾಗಿ, ಬೇರು ಅದರೊಳಗೇ ಸುತ್ತುತ್ತದೆ. ಗಿಡ ಇಡುವ ಮೊದಲು ಗುದ್ದಲಿಯಿಂದ ಗೋಡೆ ಕೆದಕಿಸಿ.

ಕೊರಟಗೆರೆಯಲ್ಲಿ ಚರಂಡಿ ತೋಡಲು ಬಂದ ಜೆಸಿಬಿ ಸಾಲು ಹೊಂಗೆಗಳ ಬೇರನ್ನು ಒಂದು ಮಗ್ಗುಲು ಪೂರಾ ಕತ್ತರಿಸಿತು. ನಾನು ಯಂತ್ರದ ಮುಂದೆ ಹೋಗಿ ನಿಂತೆ. ಡ್ರೈವರ್ ತಲೆ ಹೊರಗೆ ಹಾಕಿ, "ಬೇರು ತಾನೇ ಮೇಡಂ, ಮರ ಅಂಗೇ ಐತಲ್ಲ" ಎಂದ. ನೀವು ಈ ಮಾತನ್ನು ಸಾವಿರ ಸಲ ಕೇಳುತ್ತೀರಿ. ನಮ್ಮ ಜನಕ್ಕೆ ಮರ ಅಂದರೆ ನೆಲದ ಮೇಲೆ ಕಾಣುವುದಷ್ಟೇ. ಮಧುಗಿರಿಯಲ್ಲಿ ಆದದ್ದೂ ಇದರಿಂದಲೇ. ಈಗ ಅದನ್ನು ಹೇಳುತ್ತೇನೆ.

ಮಧುಗಿರಿ ಪೇಟೆಯ ಬೀದಿಯಲ್ಲಿ ಒಂದು ಅರಳಿ ಮರವಿತ್ತು. ಪಕ್ಕದಲ್ಲೇ ಬೇವು, ಎರಡಕ್ಕೂ ಹಿಂದಿನವರು ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದ್ದರು. ಬುಡದಲ್ಲಿ ನಾಗರಕಲ್ಲುಗಳು. ಸುತ್ತ ಕಾಡುಗಲ್ಲಿನ ಹಳೆಯ ಕಟ್ಟೆ, ಕಲ್ಲುಗಳ ಸಂದಿಯಲ್ಲಿ ನೀರು ಇಂಗುತ್ತಿತ್ತು, ಗಾಳಿ ಆಡುತ್ತಿತ್ತು. ಬೀದಿಯಲ್ಲೇ ಮಂಡಿ ಇಟ್ಟಿದ್ದ ಶಿವಲಿಂಗಪ್ಪನವರು ತಾಯಿ ತೀರಿಕೊಂಡಾಗ ಅವರ ನೆನಪಿಗೆ ಆ ಕಟ್ಟೆಯ ಜೀರ್ಣೋದ್ಧಾರ ಮಾಡಿಸಿದರು. ಬಹಳ ಒಳ್ಳೆಯ ಮನುಷ್ಯ, ದೈವಭಕ್ತರು. ಹಳೆಯ ಕಟ್ಟೆಯನ್ನು ಎದೆಮಟ್ಟಕ್ಕೆ ಎತ್ತರಿಸಿ, ಒಳಗೆ ಮಣ್ಣು, ಜಲ್ಲಿ ತುಂಬಿಸಿ, ಕಾಂಡಕ್ಕೆ ಅಂಟಿಕೊಳ್ಳುವ ಹಾಗೆ ಸಿಮೆಂಟು ಬಳಿಸಿ, ಮೇಲೆ ಕನ್ನಡಿಯಂಥ ಗ್ರಾನೈಟ್ ಹಾಕಿಸಿದರು. ಪೂಜೆ, ಊಟ ಎಲ್ಲ ಜೋರಾಗಿ ಆಯಿತು. ಊರೆಲ್ಲ ಹೊಗಳಿತು. ನಾನು ಪಾವಗಡದಿಂದ ಮಧುಗಿರಿಗೆ ಮರಳಿ ಬರುವಷ್ಟರಲ್ಲಿ ಇದೆಲ್ಲ ಹಳೆಯ ಮಾತಾಗಿತ್ತು. ಮರದ ಬುಡ ನೋಡೋಣವೆಂದರೆ ಬುಡವೇ ಇರಲಿಲ್ಲ, ಕಲ್ಲಿನಿಂದ ನೇರವಾಗಿ ಕಂಬದ ಹಾಗೆ ಕಾಂಡ ಎದ್ದಿತ್ತು.

ಕಟ್ಟೆಯ ಪಡುವಣ ಮಗ್ಗುಲಲ್ಲಿ ಹೂ ಮಾರುವ ಪುಟ್ಟಗಂಗಮ್ಮ ಕೂರುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಅದೇ ಜಾಗ. ಕಾಕಡ, ಕನಕಾಂಬರ, ಸೇವಂತಿಗೆ, ಯಾವ ಹೂವಾದರೂ ಬೆರಳುಗಳು ತಾವಾಗಿಯೇ ಕಟ್ಟುತ್ತಿದ್ದವು, ಅವಳು ಮಾತ್ರ ಬೀದಿಯ ಎಲ್ಲರ ಜೊತೆ ಹರಟೆ ಹೊಡೆಯುತ್ತಿದ್ದಳು. ಗಂಡ ಇಲ್ಲ. ಮಗ, ಸೊಸೆ, ಮನೆ ಎಲ್ಲವೂ ಆ ಬೆರಳುಗಳ ಮೇಲೆ ನಿಂತಿತ್ತು.

"ಏನ್ ಮೇಡಮ್ಮ, ಬಂದಾಗೆಲ್ಲ ಮಕ ಮ್ಯಾಕೆತ್ಕಂಡೇ ಬತ್ತೀರ? ಒಂದಿನ ಚರಂಡಿಗೆ ಬೀಳ್ತೀರ ನೋಡಿ" ಎಂದು ನನ್ನನ್ನು ರೇಗಿಸುತ್ತಿದ್ದಳು.

"ನಿನ್ನ ತಲೆ ಮೇಲೆ ಏನಿದೆ ಅಂತ ನೀನು ನೋಡಲ್ಲವಲ್ಲ, ಅದಕ್ಕೆ ನಾನು ನೋಡ್ತೀನಿ ಕಣೇ."

"ನನ್ ತಲೆ ಮ್ಯಾಗೆ ನಾಗಪ್ಪ ಅವ್ನೆ ಬುಡಿ."

ಒಂದು ಮಳೆಗಾಲದಲ್ಲಿ ಗ್ರಾನೈಟ್ ಸಂದಿಯಿಂದ ಕಂದು ಬಣ್ಣದ ಅಣಬೆ ಎದ್ದಿತು. ಅಡುಗೆಗೆ ಬರುವ ಅಣಬೆಯಲ್ಲ, ಮರ ಒಳಗೆ ಕೊಳೆತಾಗ ಹಲಗೆಯಂತೆ ಗಟ್ಟಿಯಾಗಿ ಏಳುವಂಥದ್ದು. ನಾನು ಮರದ ಕೊಡತಿ ತಂದು ಕಾಂಡಕ್ಕೆ ಬಡಿದೆ. ಮೂಡಣ ಕಡೆ ಗಟ್ಟಿ ಸದ್ದು, ಪಡುವಣ ಕಡೆ ಬೊದ್ ಬೊದ್. ಬಾಷಾ ಸಾಬರನ್ನು ಕರೆಸಿದೆ. ಅವರು ಚಪ್ಪಲಿ ಬಿಟ್ಟು, ಕಟ್ಟೆಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡು ಹತ್ತಿದರು. ಮೊದಲ ಕವಲು ತಲುಪಿದವರು ಒಂದು ಕ್ಷಣ ಸುಮ್ಮನೆ ನಿಂತು, ಹಾಗೇ ಇಳಿದು ಬಂದರು.

"ಯಾಕೆ ಸಾಬರೇ?"

"ಮ್ಯಾಲೆ ಎಲ್ಲಾ ಸರಿ ಐತೆ ಮೇಡಂ. ಕೆಳಗೆ ಏನೋ ಅಲ್ಲಾಡ್ತೈತೆ. ಯಾ ಅಲ್ಲಾ, ಇಷ್ಟು ವರ್ಷದಾಗೆ ಕಾಲಿಗೆ ಅಂಗೆ ಗೊತ್ತಾಗಿರ್ಲಿಲ್ಲ. ನಾನು ಹತ್ತಲ್ಲ."

ಅವತ್ತಿನಿಂದ ನನ್ನ ಕಣ್ಣ ಮುಂದೆ ಗಂಗಮ್ಮನ ತಲೆ, ಅದರ ಮೇಲೆ ಆ ಮರ, ಎರಡೇ. ಊಟ ಸೇರುತ್ತಿರಲಿಲ್ಲ. ಕಟ್ಟೆ ಒಡೆದು ಬುಡ ನೋಡಬೇಕು ಎಂದು ಶಿವಲಿಂಗಪ್ಪನವರ ಮಂಡಿಗೆ ಹೋದೆ.

"ಅಲ್ಲಮ್ಮಾ, ನಾಗಪ್ಪನ ಕಟ್ಟೆ ಒಡೀತೀನಿ ಅಂತೀಯಲ್ಲ, ನೀನು ನಮ್ಮೂರ ಹೆಣ್ಮಗಳೇನಾ? ಎಲೆ ನೋಡು, ಹೆಂಗೆ ಫಳಫಳ ಅಂತದೆ!" ಎಂದರು.

ನನಗೂ ರೇಗಿತು. "ಯಜಮಾನ್ರೇ, ಒಬ್ಬ ಮನುಷ್ಯನ್ನ ಎದೆಮಟ್ಟ ಮಣ್ಣಲ್ಲಿ ಹೂತು ತಲೆಗೆ ಹೂ ಮುಡಿಸಿದ್ರೆ ಅವನು ಎಷ್ಟು ದಿನ ಬದುಕ್ತಾನೆ? ನೀವು ಮರಕ್ಕೆ ಮಾಡಿರೋದು ಅದೇ."

ಅವರ ಮುಖ ಕೆಂಪಾಯಿತು. ಹೆಚ್ಚು ಮಾತಾಡದೆ ನನ್ನನ್ನು ಕಳಿಸಿದರು. ಆ ಹೊತ್ತಿಗೆ ಮಧುಗಿರಿಗೇ ವರ್ಗವಾಗಿ ಬಂದಿದ್ದ ಚನ್ನಬಸಯ್ಯನವರು ಬಂದು ಮಾತಾಡಿದರು, ಮೇಲಿನವರಿಗೆ ಬರೆದರು, ಏನೂ ಆಗಲಿಲ್ಲ. ಕೊನೆಗೆ ಶಿವಲಿಂಗಪ್ಪನವರೇ ಯಾರು ಏನು ಹೇಳಿದರೋ, ಇಲ್ಲ ಆ ಮಾತು ಒಳಗೇ ಕೊರೆಯಿತೋ, ಅರ್ಚಕರನ್ನು ಕೇಳಿ, ನಾಗರಕಲ್ಲುಗಳಿಗೆ ಪೂಜೆ ಮಾಡಿಸಿ ಪಕ್ಕಕ್ಕೆ ಇಡಿಸಿದರು. ಪಡುವಣ ಮಗ್ಗುಲ ಗ್ರಾನೈಟ್ ಎತ್ತಿ, ಸಿಮೆಂಟು ಒಡೆದು, ಮಣ್ಣು ತೆಗೆಯುತ್ತಾ ಹೋದರೆ ಹಳಸಿದ ಹಿಟ್ಟಿನ ವಾಸನೆ ಗಪ್ಪನೆ ಬಡಿಯಿತು. ನಾನು ಕೈ ಇಟ್ಟೆ. ತೊಗಟೆ ನೆನೆದ ರೊಟ್ಟಿಯ ಹಾಗೆ ಕಿತ್ತು ಬಂತು, ಅದರ ಹಿಂದೆ ಇನ್ನಷ್ಟು, ಮೊಣಕೈವರೆಗೆ ಕೈ ಒಳಗೆ ಹೋಯಿತು. ಮೇಲೆ ಎಲೆಗಳು ಫಳಫಳ ಎನ್ನುತ್ತಲೇ ಇದ್ದವು. ಶಿವಲಿಂಗಪ್ಪನವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು, "ನಮ್ಮವ್ವನ ಹೆಸ್ರಲ್ಲಿ ನಾನೇ ಕೊಂದ್ನಾ ಇದನ್ನ?" ಎಂದು ಮಗುವಿನ ಹಾಗೆ ಅತ್ತರು. ನಾನು ಮಂಡಿಯಲ್ಲಿ ಆಡಿದ ಮಾತಿಗೆ ನಾಚಿಕೆಯಾಯಿತು.

ಕಡಿದುಬಿಡಬೇಕು ಎಂದೇ ನನಗೆ ಅನಿಸಿತು. ಆದರೆ ಚನ್ನಬಸಯ್ಯನವರು ಸುತ್ತ ಕಟ್ಟೆ ಪೂರಾ ಬಿಚ್ಚಿಸಿ ನೋಡಿದರು. ಮೂಡಣ ಅರ್ಧ ಗಟ್ಟಿಯಿದೆ, ಹೊಸ ಬೇರೂ ಇದೆ. ಕೊಂಬೆಗಳ ಹರವು ಇಳಿಸಿ ಭಾರ ಕಡಿಮೆ ಮಾಡಿದರೆ ಇನ್ನೂ ಬಹಳ ವರ್ಷ ನಿಲ್ಲಬಹುದು ಎಂದರು. ಅವರ ಲೆಕ್ಕ ತಪ್ಪಲ್ಲ. ಕೊಂಬೆ ಇಳಿಸಲು ಈ ಸಲ ಬಾಷಾ ಸಾಬರು ಹತ್ತಲಿಲ್ಲ, ತೊಟ್ಟಿಲಿನಲ್ಲಿ ನಿಂತು ಮೇಲೇರುವ ವಾಹನ ತರಿಸಿ, ಯಂತ್ರದ ಗರಗಸದಲ್ಲಿ ಕೊಯ್ದರು. ಎಲ್ಲ ಮುಗಿದ ಮೇಲೆ ಚನ್ನಬಸಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು.

"ಗಾಳಿ ಎದ್ರೆ ಕೆಳಗಿರೋರ್ನ ಎಬ್ಬುಸ್ಬೇಕು. ಮರ ಉಳುಸ್ಕಬೇಕು ಅಂದ್ರೆ ಅದ್ರ ಭಯಾನೂ ಸಾಕ್ಬೇಕು ಕಣಮ್ಮ."

ಸಾಕಿದೆ. ಸುತ್ತ ಬೇಲಿ ಹಾಕಿಸಿದರೆ ವಾರದಲ್ಲಿ ಅದಕ್ಕೆ ಬಾಳೆಗೊನೆ, ಬಟ್ಟೆ ನೇತುಹಾಕಿದರು, ಆಮೇಲೆ ಬೇಲಿಯೇ ಇಲ್ಲ. ಎಚ್ಚರಿಕೆಯ ಹಲಗೆಗೆ ಯಾರೋ ಅರಿಶಿನ ಕುಂಕುಮ ಇಟ್ಟರು. ಗಂಗಮ್ಮನಿಗೆ ಬೇರೆ ಜಾಗ ತೋರಿಸಿದೆ. "ಗಿರಾಕಿ ಇಲ್ಲಿಗೇ ಬತ್ತಾರೆ ಮೇಡಮ್ಮ, ಪೂಜೆಗೆ ಬಂದೋರು ಇಲ್ಲೇ ಹೂ ತಗಳೋದು, ಅಲ್ ಕೂತು ನಾನೇನ್ ನೊಣ ಹೊಡೀಲಾ?" ಎಂದಳು. ಅದು ಅವಳ ಹೊಟ್ಟೆಪಾಡು.

ಹಾಗಾಗಿ ನಾನೇ ಹೋಗಲು ಶುರುಮಾಡಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಊರು ಕುಣಿಯುವ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಮಳೆಗಿಂತ ಮುಂಚೆ ಬರುವ ಗಾಳಿಗೆ ಹೆದರಿ. ಬೆಟ್ಟದ ಕಡೆಯಿಂದ ಧೂಳು ಎದ್ದಿತೋ, ಕೈಯಲ್ಲಿನ ಕೆಲಸ ಬಿಟ್ಟು ಸ್ಕೂಟರ್ ಹತ್ತಿ ಪೇಟೆಗೆ. "ಏಳಿ, ಏಳಿ, ಆ ಕಡೆ ಹೋಗಿ!" ಮೊದಮೊದಲು ಗಂಗಮ್ಮ ಜಗಳಕ್ಕೇ ಬಂದಳು. "ಯಾಪಾರದ ಹೊತ್ನಾಗೆ ಒಳ್ಳೆ ಕಾಟ ಕಣಮ್ಮ ನಿಂದು!" ಒಮ್ಮೆ ಅವಳನ್ನು ಎಬ್ಬಿಸಿದ ಮೇಲೆ ಅವಳು ಕೂತಿದ್ದ ಜಾಗಕ್ಕೇ ಒಣಕೊಂಬೆ ಬಿತ್ತು. ಆಮೇಲೆ ಜಗಳ ನಿಂತಿತು. ಬರಬರುತ್ತಾ ನಾನು ಕೂಗುವುದೂ ಬೇಕಾಗಲಿಲ್ಲ. ಬೀದಿಯ ತುದಿಯಲ್ಲಿ ನನ್ನ ಸ್ಕೂಟರ್ ಕಂಡರೆ ಸಾಕು, "ಮೇಡಮ್ಮ ಬಂದ್ರು, ಏಳ್ರಲೇ!" ಎಂದು ಗಂಗಮ್ಮನೇ ಕೂಗಿ, ಬುಟ್ಟಿ ಎತ್ತಿಕೊಂಡು ಎಲ್ಲರನ್ನೂ ಹೊರಡಿಸುತ್ತಿದ್ದಳು. ನನಗೆ ಎಂಥ ಹೆಮ್ಮೆ! ಸಭೆಗಳಲ್ಲಿ ಇದನ್ನೇ ಹೇಳಿಕೊಂಡು ತಿರುಗಿದೆ, ನಮ್ಮ ಜನಕ್ಕೆ ತಿಳಿವಳಿಕೆ ಬಂದಿದೆ ಎಂದು.

ಚನ್ನಬಸಯ್ಯನವರು ನಿವೃತ್ತರಾದರು, ಆಮೇಲೆ ನಾನೂ ಆದೆ. ನನ್ನ ಜಾಗಕ್ಕೆ ಬಂದ ಹುಡುಗನಿಗೆ ಮರ ತೋರಿಸಿ ಎಲ್ಲ ಹೇಳಿದೆ. ಪಾಪ, ಅವನಿಗೆ ಎರಡು ತಾಲ್ಲೂಕಿನ ಹೊಣೆ, ಗಾಳಿ ಎದ್ದಾಗ ಅವನು ಎಲ್ಲಿರುತ್ತಾನೋ. ಹಾಗಾಗಿ ನಾನು ಹೋಗುವುದನ್ನು ಬಿಡಲಿಲ್ಲ. "ಆ ಬೇವಿಗೆ ಬದಲು ನಿನ್ನನ್ನೇ ಆ ಅರಳಿಗೆ ಮದುವೆ ಮಾಡಿಸಿದ್ದರೆ ಆಗುತ್ತಿತ್ತು" ಎಂದು ನನ್ನ ಯಜಮಾನರು ನಗುತ್ತಿದ್ದರು.

ಹೋದ ಬೇಸಿಗೆಯಲ್ಲಿ ನನಗೆ ತುಮಕೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮಗಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಒಂದು ಮಧ್ಯಾಹ್ನ ಕಿಟಕಿ ಬಾಗಿಲು ಧಡಾರ್ ಎಂದು ಬಡಿದುಕೊಂಡಿತು. ಮಗಳು ಎದ್ದು ಬಾಗಿಲು ಹಾಕಿದಳು. ಇಲ್ಲೇ ಇಷ್ಟು ಗಾಳಿಯಾದರೆ ಮಧುಗಿರಿಯಲ್ಲಿ? ಫೋನು ಕೈಗೆ ತೆಗೆದುಕೊಂಡೆ, ಅಂಕಿಗಳೇ ಕಾಣುತ್ತಿಲ್ಲ. ಮಗಳು ಹಚ್ಚಿ ಕೊಟ್ಟಳು, ಯಾರೂ ಎತ್ತಲಿಲ್ಲ. ಸಂಜೆ ಹೊತ್ತಿಗೆ ಬಾಷಾ ಸಾಬರೇ ಫೋನು ಮಾಡಿದರು. ಬಿದ್ದ ಕೊಂಬೆ ಬಿಡಿಸಲು ಅವರನ್ನೇ ಕರೆಸಿದ್ದರಂತೆ.

"ಮರ ಹೋಯ್ತು ಮೇಡಂ."

"ಕೆಳಗೆ ಯಾರಿದ್ರು? ಸಾಬರೇ, ಕೆಳಗೆ ಯಾರಿದ್ರು ಹೇಳಿ!"

"ಬಾಕಿಯೋರು ಓಡುದ್ರು. ಗಂಗಮ್ಮ..." ಎಂದವರು ನನ್ನ ಉಸಿರು ಕೇಳಿ ತಕ್ಷಣ ಸೇರಿಸಿದರು, "ಜಾನ್ ಐತೆ ಮೇಡಂ, ಜೀವ ಐತೆ. ಕೈ ಮಾತ್ರ..."

ಆಸ್ಪತ್ರೆಯಲ್ಲಿ ಅವಳನ್ನು ನೋಡಿದೆ. ಬಲಗೈ ಮುಂಗೈವರೆಗೆ ತೆಗೆದಿದ್ದರು. ನಾನು ಮಂಚದ ಪಕ್ಕ ನಿಂತು ಅಳುತ್ತಿದ್ದರೆ ಅವಳೇ ನನಗೆ ಸಮಾಧಾನ ಹೇಳಿದಳು.

"ಯಾಕಳ್ತೀರ ಬುಡಿ ಮೇಡಮ್ಮ. ಆಪ್ರೇಸನ್ ಆಗಿರೋ ಕಣ್ಣು."

"ಅಷ್ಟು ಗಾಳಿ ಬಂತಲ್ಲೇ, ಮರ ಅಷ್ಟು ತೂಗಾಡ್ತಲ್ಲ, ಎದ್ದು ಹೋಗ್ಬಾರ್ದಿತ್ತಾ?"

"ಬೀದಿ ಕಡೀಕೆ ನೋಡ್ದೆ ಕಣಮ್ಮ. ನೀವು ಬರ್ಲಿಲ್ಲ. ನೀವೇ ಬರ್ಲಿಲ್ಲ ಅಂದ್ಮೇಲೆ ಏನೂ ಆಗಾಕಿಲ್ಲ ಅಂದ್ಕಂಡು ಕೂತಿದ್ದೆ."

ನನ್ನ ಅಳು ಅಲ್ಲೇ ನಿಂತುಹೋಯಿತು. ಊರವರಿಗೆ ನಾನು ಮರದ ಭಯ ಕಲಿಸಿದ್ದೇನೆ ಎಂದುಕೊಂಡಿದ್ದೆ. ಅವರ ಪಾಲಿನ ಭಯವನ್ನೂ ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದೆ, ಅವರು ಹಗುರಾಗಿ ಕೂತಿದ್ದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಜನರನ್ನು ಎಬ್ಬಿಸುವುದರ ಜೊತೆಗೆ, ಯಾಕೆ ಏಳಬೇಕು ಎಂದು ಅವರ ಕೈಹಿಡಿದು ಬುಡ ತೋರಿಸಿ. ಅಣಬೆ ಮುಟ್ಟಿಸಿ, ಕೊಡತಿ ಕೊಟ್ಟು ಅವರಿಂದಲೇ ಬಡಿಸಿ, ಸದ್ದು ಕೇಳಿಸಿ.

ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ಗಂಗಮ್ಮ ಈಗ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಒಂದು ಹೊಂಗೆಯ ನೆರಳಿಗೆ ಕೂರುತ್ತಾಳೆ. ಸೊಸೆ ಹೂ ಕಟ್ಟುತ್ತಾಳೆ, ಇವಳು ಎಡಗೈಯಲ್ಲಿ ಅಳೆದು ಕೊಡುತ್ತಾಳೆ. ಹೋದಾಗಲೆಲ್ಲ ಅವಳನ್ನು ಎಬ್ಬಿಸಿ ಹೊಂಗೆಯ ಬುಡ ತೋರಿಸಿದ್ದೇನೆ, ಸಂದಿ ತೋರಿಸಿದ್ದೇನೆ, ಒಣಕೊಂಬೆ ಯಾವುದು, ಹಸಿಕೊಂಬೆ ಯಾವುದು ಎಂದು ಹೇಳಿದ್ದೇನೆ. ಹೂಂ ಹೂಂ ಎಂದು ತಲೆಯಾಡಿಸಿದ್ದಾಳೆ. ಮೊನ್ನೆ ನಾನು ಅವಳ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಾಗ ಬೆಟ್ಟದ ಕಡೆಯಿಂದ ಧೂಳು ಎದ್ದಿತು. ಬೀದಿಯ ಕಾಗದಗಳೆಲ್ಲ ಹಾರಿದವು, ಹೊಂಗೆ ಒಂದು ಸಲ ಬಾಗಿ ಎದ್ದಿತು. ಸೊಸೆ ಕಟ್ಟುವುದನ್ನು ನಿಲ್ಲಿಸಿ ಅತ್ತೆಯನ್ನು ನೋಡಿದಳು. ನಾನು ಬೇಕೆಂದೇ ಸುಮ್ಮನಿದ್ದೆ, ಗಂಗಮ್ಮ ಮೇಲೆ ನೋಡಲಿ ಎಂದು.

ಅವಳು ಮೇಲೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು, "ಏಳ್ಬೇಕಾ, ಮೇಡಮ್ಮ?"